ಮೊದಲ ಮನೆ: ಆರ್.ಆರ್. ನಗರದ ಫ್ಲ್ಯಾಟೋ, ಅಂದ್ರಹಳ್ಳಿಯ ಡ್ಯೂಪ್ಲೆಕ್ಸೋ?

ಪ್ರಶ್ನೆ: ನಾಗರಭಾವಿಯಲ್ಲಿ ಬಾಡಿಗೆಗಿದ್ದೇವೆ. ಮಗಳಿಗೆ ಐದು ವರ್ಷ, ಯುಕೆಜಿ ಓದುತ್ತಿದ್ದಾಳೆ. ಮಗನಿಗೆ ಒಂದೂವರೆ ವರ್ಷ. ನಮ್ಮವರು ಪೀಣ್ಯ ಎರಡನೇ ಹಂತದ ಕಾರ್ಖಾನೆಯಲ್ಲಿದ್ದಾರೆ, ನಾನು ಎಂ.ಜಿ. ರಸ್ತೆಯ ಕಚೇರಿಯಲ್ಲಿ. ಇಬ್ಬರದೂ ಸೇರಿ ತಿಂಗಳಿಗೆ ಕೈಗೆ ಬರುವುದು 1.45 ಲಕ್ಷ, ಉಳಿತಾಯ 36 ಲಕ್ಷ. ಎರಡು ಮನೆ ನೋಡಿದ್ದೇವೆ. ಮೊದಲನೆಯದು ರಾಜರಾಜೇಶ್ವರಿ ನಗರದ ಎರಡು ಬೆಡ್‌ರೂಮಿನ ಫ್ಲ್ಯಾಟ್. 24 ಮನೆಗಳ ನಾಲ್ಕು ಮಹಡಿ ಕಟ್ಟಡದಲ್ಲಿ ಮೂರನೇ ಮಹಡಿ, ಲಿಫ್ಟ್ ಇದೆ, ಕಟ್ಟಿ 11 ವರ್ಷವಾಗಿದೆ. 1,150 ಚದರಡಿ, ಎ ಖಾತೆ, ಕಾವೇರಿ ಮತ್ತು ಬೋರ್‌ವೆಲ್ ನೀರು, ಬೆಲೆ 86 ಲಕ್ಷ. ಎರಡನೆಯದು ಅಂದ್ರಹಳ್ಳಿಯಲ್ಲಿ 20×30 ಸೈಟಿನ ಹೊಸ ಡ್ಯೂಪ್ಲೆಕ್ಸ್. ಪೂರ್ವದ ಬಾಗಿಲು, ಬಿ ಖಾತೆ, ಬೋರ್‌ವೆಲ್ ನೀರು, 88 ಲಕ್ಷ. "ಪ್ಲಾನ್ ಇದೆ, ಎ ಖಾತೆ ಆಗೇ ಆಗುತ್ತೆ" ಎನ್ನುತ್ತಾರೆ ಬಿಲ್ಡರ್. ಪೀಣ್ಯಕ್ಕೂ ಅದೇ ಹತ್ತಿರ. "ನೆಲ ನಮ್ಮದಾಗಬೇಕು, ಗಾಳಿಯಲ್ಲಿರೋ ಮನೆಗೆ ದುಡ್ಡು ಸುರಿಯಬೇಡಿ" ಎಂಬುದು ಅತ್ತೆ ಮಾವನವರ ಮಾತು. ಮಕ್ಕಳ ದೃಷ್ಟಿಯಿಂದ ಯಾವುದು ಸರಿ?
ಓದುಗರೊಬ್ಬರು, ನಾಗರಭಾವಿ

ಉತ್ತರ: ನಿಮ್ಮ ಅತ್ತೆ ಮಾವನವರ ಮಾತಿನಲ್ಲಿ ಹುರುಳಿದೆ. ಬೆಲೆ ಏರುವುದು ನೆಲಕ್ಕೆ, ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆದರೆ ಆ ಮಾತು ನಿಲ್ಲುವುದು ನೆಲದ ಕಾಗದ ಗಟ್ಟಿಯಾಗಿದ್ದರೆ ಮಾತ್ರ. ನೀವು ಬರೆದಿರುವಷ್ಟು ವಿವರದ ಮೇಲೆ ಹೇಳುವುದಾದರೆ ಫ್ಲ್ಯಾಟೇ ಸರಿ, ಅದೂ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಗೆದ್ದರೆ. ಫ್ಲ್ಯಾಟ್ ಸೋತಿತು ಎಂದು ಡ್ಯೂಪ್ಲೆಕ್ಸಿಗೆ ಅಡ್ವಾನ್ಸ್ ಕೊಡಬೇಡಿ. ಬಾಡಿಗೆ ಮನೆಯಲ್ಲೇ ಇದ್ದು ಮೂರನೆಯದನ್ನು ಹುಡುಕಿ.

ಮೊದಲು ಡ್ಯೂಪ್ಲೆಕ್ಸ್ ನೋಡೋಣ. ಖಾತೆ ಎಂದರೆ ಪಾಲಿಕೆಯ ಆಸ್ತಿ ದಾಖಲೆ. ನಿಯಮದಂತಿರುವ ಆಸ್ತಿಗೆ ಎ ಖಾತೆ. ಬಿ ಖಾತೆ ಎಂದರೆ ತೆರಿಗೆ ಕಟ್ಟಿಸಿಕೊಳ್ಳಲು ಪಾಲಿಕೆ ಇಟ್ಟುಕೊಂಡ ಪಟ್ಟಿ, ಅಷ್ಟೇ. ಕೃಷಿಯಿಂದ ವಸತಿಗೆ ಭೂಪರಿವರ್ತನೆ ಆಗದ ಜಮೀನಿನಲ್ಲಿ ಕಂದಾಯ ಬಡಾವಣೆ ಮಾಡಿದ್ದು, ನಕ್ಷೆ ಮೀರಿ ಕಟ್ಟಿದ್ದು, ಇಂಥವೆಲ್ಲ ಆ ಪಟ್ಟಿಗೆ ಸೇರುತ್ತವೆ. ಬಿಲ್ಡರ್ ಹೇಳುವ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಗಮನಿಸಿದಿರಾ? ಬಿ ಖಾತೆ ಸೈಟಿಗೆ ಪಾಲಿಕೆ ನಕ್ಷೆ ಮಂಜೂರು ಮಾಡುತ್ತಿರಲಿಲ್ಲ. ಹಾಗಿದ್ದರೆ ಅವರು ತೋರಿಸುವ ಪ್ಲಾನ್ ಯಾರದು? ಆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿ. ಮಂಜೂರಾತಿ ಸಂಖ್ಯೆ, ದಿನಾಂಕ, ಮಂಜೂರು ಮಾಡಿದ ಕಚೇರಿಯ ಮೊಹರು ಇವೆಯೇ? ಬರೀ ಎಂಜಿನಿಯರರ ಸೀಲು, ಸಹಿ ಇದ್ದರೆ ಅದು ಕಟ್ಟಲು ಬರೆದ ಚಿತ್ರ, ಅನುಮತಿಯಲ್ಲ. ಹಳೆಯ ಗ್ರಾಮ ಪಂಚಾಯಿತಿಯ ಮೊಹರಿದ್ದರೆ ಅದರ ತಾರೀಖಿನ ದಿನ ಆ ಜಾಗ ಪಂಚಾಯಿತಿಗೇ ಸೇರಿತ್ತೇ ಎಂದು ನೋಡಬೇಕು.

ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ, ನಿಜ. ಆದರೆ ಸೈಟಿನ ಖಾತೆ ಬದಲಾದ ಮಾತ್ರಕ್ಕೆ ಅದರ ಮೇಲೆ ಅನುಮತಿ ಇಲ್ಲದೆ ಎದ್ದ ಮನೆ ಸಕ್ರಮವಾಗುವುದಿಲ್ಲ. "ಆಗೇ ಆಗುತ್ತೆ" ಎನ್ನುವವರಿಗೆ ಒಂದೇ ಉತ್ತರ: ನೀವೇ ಮಾಡಿಸಿ ಕೊಡಿ, ಆಮೇಲೆ ಕ್ರಯ ಮಾಡಿಕೊಳ್ಳುತ್ತೇವೆ. ಅದಕ್ಕೆ ಒಪ್ಪದಿದ್ದರೆ ಆ ಕೆಲಸ ಎಷ್ಟು ಸಲೀಸು ಎಂಬುದು ಅವರಿಗೇ ಚೆನ್ನಾಗಿ ಗೊತ್ತಿದೆ.

ಕಂದಾಯ ಜಮೀನಿನಲ್ಲಿ ಇನ್ನೂ ಆಳದ ತೊಡಕು ಕುಟುಂಬದ್ದು. ಮೂಲ ರೈತ ಕುಟುಂಬದಲ್ಲಿ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿರುತ್ತಾರೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರ ಕಾಯ್ದೆ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಸಹಿ ಹಾಕದ ಅಕ್ಕತಂಗಿಯರು ಪಾಲಿಗೆ ದಾವೆ ಹೂಡಿದರೆ ಆ ಬಡಾವಣೆಯಲ್ಲಿ ಮನೆ ಕೊಂಡವರೂ ಪ್ರತಿವಾದಿಗಳ ಸಾಲಿಗೆ ಬರಬಹುದು. ಆದ್ದರಿಂದ ವಂಶವೃಕ್ಷ ಕೇಳಿ, ಅದರಲ್ಲಿರುವ ಪ್ರತಿ ಹೆಸರಿನ ಸಹಿಯೂ ಪತ್ರದಲ್ಲಿದೆಯೇ ಎಂದು ವಕೀಲರು ತಾಳೆ ನೋಡಲಿ. ಆ ಸರ್ವೆ ನಂಬರು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರಾತಿದಾರರಿಗೆ ಹಿಂದಿರುಗಬಹುದು. 'ದಿಶಾಂಕ್' ಆ್ಯಪಿನಲ್ಲಿ ಆ ಜಾಗದಲ್ಲೇ ನಿಂತು ನೋಡಿದರೆ ಸರ್ವೆ ನಂಬರು ಸಿಗುತ್ತದೆ, ಪಕ್ಕದಲ್ಲಿ ಕೆರೆ, ಹಳ್ಳ, ಸರ್ಕಾರಿ ಜಮೀನು ಇದೆಯೇ ಎಂಬುದೂ ತಿಳಿಯುತ್ತದೆ. ಐದು ನಿಮಿಷದ ಕೆಲಸ, ಅಡ್ವಾನ್ಸ್ ಕೊಡುವ ಮೊದಲೇ ಮಾಡಿ.

ಸಾಲದ ಲೆಕ್ಕವೂ ಇದಕ್ಕೇ ಸುತ್ತಿಕೊಂಡಿದೆ. ಬಿ ಖಾತೆಗೆ ರಾಷ್ಟ್ರೀಕೃತ ಬ್ಯಾಂಕುಗಳು ಹಿಂಜರಿಯುತ್ತವೆ. ಕೊಡುವ ಹಣಕಾಸು ಸಂಸ್ಥೆಗಳು ಹೆಚ್ಚು ಬಡ್ಡಿ ಹಾಕುತ್ತವೆ. 20 ವರ್ಷದ ಅವಧಿಗೆ ಶೇ 8.5ರ ಬಡ್ಡಿಯಲ್ಲಿ ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ, ಶೇ 10.5 ಆದರೆ 998. 66 ಲಕ್ಷ ಸಾಲಕ್ಕೆ ಮೊದಲನೆಯದು 57,300, ಎರಡನೆಯದು 65,900. ತಿಂಗಳಿಗೆ ಎಂಟೂವರೆ ಸಾವಿರದ ಈ ವ್ಯತ್ಯಾಸ 20 ವರ್ಷದಲ್ಲಿ 20 ಲಕ್ಷ ದಾಟುತ್ತದೆ. ಅಂದರೆ 88 ಲಕ್ಷದ ಮನೆ ನಿಜಕ್ಕೂ 88 ಲಕ್ಷದ್ದಲ್ಲ. ಮುಂದೆ ಮಾರಲು ಹೋದಾಗ ಕೊಳ್ಳುವವರಿಗೂ ಇದೇ ತೊಂದರೆ ಇರುತ್ತದೆ, ಅವರು ಅದನ್ನು ನಿಮ್ಮ ಬೆಲೆಯಲ್ಲಿ ಕಳೆಯುತ್ತಾರೆ.

ಇನ್ನು ಮನೆಯ ಒಳಗು. 20×30ರಲ್ಲಿ ಗೋಡೆ, ಮೆಟ್ಟಿಲು, ಕಾರು ನಿಲ್ಲಿಸುವ ಜಾಗ ಕಳೆದರೆ ಕೆಳಗೆ ಉಳಿಯುವುದು ಒಂದು ಹಾಲ್, ಅಡುಗೆಮನೆ ಮಾತ್ರ. ಮಲಗುವ ಕೋಣೆಗಳು ಮೇಲೆ. ಒಂದೂವರೆ ವರ್ಷದ ಮಗು ದಿನಕ್ಕೆ ಹತ್ತಾರು ಸಲ ಮೆಟ್ಟಿಲು ಹತ್ತಿಳಿಯುವ ಮನೆ ಅದು. ಟೇಪ್ ತೆಗೆದುಕೊಂಡು ಹೋಗಿ ಮೆಟ್ಟಿಲು ಅಳೆಯಿರಿ. ಎತ್ತರ 6ರಿಂದ 7 ಇಂಚು, ಕಾಲಿಡುವ ಅಗಲ 10 ಇಂಚಾದರೂ ಇರಬೇಕು. ಜಾಗ ಉಳಿಸಲು 8 ಇಂಚು ಎತ್ತರ, 9 ಇಂಚು ಅಗಲ ಮಾಡಿದ್ದರೆ ಮಕ್ಕಳಿಗೂ ಅತ್ತೆ ಮಾವನವರಿಗೂ ಅದು ಅಪಾಯವೇ. ಪಕ್ಕದ ಸೈಟ್ ಖಾಲಿ ಇದೆಯೇ ನೋಡಿ. ಇಂದು ಹಾಲಿಗೆ ಚೆಂದದ ಬೆಳಕು ಬರುತ್ತಿರುವುದು ಆ ಖಾಲಿ ಸೈಟಿನಿಂದ. ಅಲ್ಲಿಯೂ ಕಾಂಪೌಂಡಿಗೆ ಅಂಟಿಸಿ ಗೋಡೆ ಎದ್ದರೆ ನಿಮ್ಮ ಕಿಟಕಿಗಳು ಇಟ್ಟಿಗೆಗೆ ಮುಖ ಮಾಡುತ್ತವೆ, ಹಗಲಿನಲ್ಲೂ ದೀಪ ಬೇಕಾಗುತ್ತದೆ. ಪೂರ್ವದ ಬಾಗಿಲು ಒಳ್ಳೆಯದೇ. ಆದರೆ ಮನೆಗೆ ಬೆಳಕು ಬರುವುದು ಕಿಟಕಿಗಳಿಂದ.

ಬೋರ್‌ವೆಲ್ ಒಂದನ್ನೇ ನಂಬುವುದು ಬೇಡ. 2024ರ ಮಾರ್ಚ್‌ನಲ್ಲಿ ಊರಿನ ಅಂಚಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ನಾಲ್ಕು ಜನರಿಗೆ, ತಲೆಗೆ 135 ಲೀಟರಿನಂತೆ, ದಿನಕ್ಕೆ 540 ಲೀಟರ್ ಬೇಕು. ಬೋರ್ ನಿಂತ ತಿಂಗಳು 6,000 ಲೀಟರಿನ ಟ್ಯಾಂಕರ್ ಮೂರು ಸಲ ಬರಬೇಕು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿ ಹೊರವಲಯಕ್ಕೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ವ್ಯವಸ್ಥೆ ಆಗಿದೆ. ಆದರೆ ರಸ್ತೆಯಲ್ಲಿ ಪೈಪು ಹೂತಿದ್ದಾರೆ ಎಂದರೆ ನಲ್ಲಿಯಲ್ಲಿ ನೀರು ಬಂತು ಎಂದಲ್ಲ. ಮೀಟರ್, ಆರ್‌ಆರ್ ನಂಬರ್ (ನೀರಿನ ಸಂಪರ್ಕದ ಸಂಖ್ಯೆ), ಜಲಮಂಡಳಿಯ ಬಿಲ್ಲು, ಈ ಮೂರನ್ನೂ ಕಣ್ಣಾರೆ ನೋಡಿ ನಂಬಿ.

ಅದೇ ಡ್ಯೂಪ್ಲೆಕ್ಸ್ ಎ ಖಾತೆಯಲ್ಲಿದ್ದು, ಮಂಜೂರಾದ ನಕ್ಷೆಯಂತೆ ಕಟ್ಟಿದ್ದರೆ ಈ ಉತ್ತರ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. 600 ಚದರಡಿ ಸ್ವಂತ ನೆಲ ಸಣ್ಣ ಮಾತಲ್ಲ.

ಈಗ ಫ್ಲ್ಯಾಟು. "ಗಾಳಿಯಲ್ಲಿರೋ ಮನೆ" ಎಂಬ ಮಾತಿಗೆ ಉತ್ತರ ಮಾರುವವರ ಕ್ರಯಪತ್ರದ ಷೆಡ್ಯೂಲ್‌ನಲ್ಲಿದೆ. ಅವಿಭಾಜ್ಯ ಹಕ್ಕು ಎಷ್ಟು ಚದರಡಿ ಎಂದು ಅಲ್ಲಿ ಬರೆದಿರುತ್ತದೆ, ಯುಡಿಎಸ್ ಎನ್ನುವುದು ಅದನ್ನೇ. ಕಟ್ಟಡ 80×120 ಅಡಿ ನಿವೇಶನದಲ್ಲಿದೆ ಎಂದುಕೊಳ್ಳಿ. 9,600 ಚದರಡಿಯನ್ನು 24 ಮನೆಗೆ ಹಂಚಿದರೆ ಸರಾಸರಿ 400. ನಿಮ್ಮ ಪಾಲು 350ರಿಂದ 400ರಷ್ಟಿದ್ದರೆ, ಎ ಖಾತೆಯ, ಮೆಟ್ರೋ ಇರುವ ಬಡಾವಣೆಯಲ್ಲಿ ಅದು ಒಳ್ಳೆಯ ನೆಲವೇ. ಎಲ್ಲ ಮನೆಗಳ ಪಾಲು ಕೂಡಿಸಿದರೆ ನಿವೇಶನದ ಅಳತೆಗಿಂತ ಹೆಚ್ಚಾದರೆ ಬಿಲ್ಡರ್ ಒಂದೇ ನೆಲವನ್ನು ಎರಡು ಸಲ ಮಾರಿದ್ದಾನೆ ಎಂದರ್ಥ. ಫ್ಲ್ಯಾಟ್ ಮಾಲೀಕರ ಸಂಘದ ಬಳಿ ಎಲ್ಲ ಮನೆಗಳ ಪಟ್ಟಿ ಇರುತ್ತದೆ, ಕೂಡಿಸಿ ನೋಡಿ. 1,150 ಎನ್ನುವುದು ಸೂಪರ್ ಬಿಲ್ಟ್‌ಅಪ್ ಅಳತೆ. ಮೆಟ್ಟಿಲು, ಲಿಫ್ಟು, ಓಣಿಯ ಪಾಲೆಲ್ಲ ಅದರಲ್ಲಿ ಸೇರಿದೆ. ಒಳಗೆ ನಡೆದಾಡುವ ಜಾಗ 800, 850ರ ಆಸುಪಾಸು ಇದ್ದೀತು. ಟೇಪ್ ಹಿಡಿದು ಕೋಣೆ ಕೋಣೆ ಅಳೆದುಕೊಳ್ಳಿ.

ಎ ಖಾತೆ ಎಂದ ಕೂಡಲೇ ಸಮಾಧಾನವೂ ಬೇಡ. ಓಸಿ, ಅಂದರೆ ಸ್ವಾಧೀನಾನುಭವ ಪತ್ರದ ಪ್ರತಿ ಕೇಳಿ. ಓಸಿ ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು, ವಿದ್ಯುತ್, ನೀರಿನ ಸಂಪರ್ಕವನ್ನೂ ಆಮೇಲೆಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಓಸಿಯಲ್ಲಿ ಬರೆದಿರುವ ಮಹಡಿಗಳ ಸಂಖ್ಯೆ, ಮನೆಗಳ ಸಂಖ್ಯೆ ನೋಡಿ, ಆಮೇಲೆ ಕಟ್ಟಡದ ಎದುರು ನಿಂತು ಎಣಿಸಿ. ಮೂರು ಮಹಡಿ, 18 ಮನೆಗೆ ಅನುಮತಿ ಪಡೆದು ನಾಲ್ಕನೆಯದನ್ನು ಏರಿಸಿದ ಕಟ್ಟಡಗಳು ಈ ಊರಿನಲ್ಲಿವೆ. ಮನೆ ಯಾವ ಮಹಡಿಯಲ್ಲಿದ್ದರೂ ಆ ಉಲ್ಲಂಘನೆ ಇಡೀ ಕಟ್ಟಡಕ್ಕೆ ಅಂಟುತ್ತದೆ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ನೋಂದಣಿಗೆ ಇ-ಖಾತೆ, ಅಂದರೆ ಖಾತೆಯ ಡಿಜಿಟಲ್ ರೂಪ, ಕಡ್ಡಾಯ. ಇ-ಖಾತೆಯಲ್ಲಿರುವ ಹೆಸರಿನ ಅಕ್ಷರ, ಫ್ಲ್ಯಾಟ್ ಸಂಖ್ಯೆ, ಅಳತೆ ಎಲ್ಲವೂ ಕ್ರಯಪತ್ರಕ್ಕೆ ಹೊಂದಬೇಕು. ತಪ್ಪಿದ್ದರೆ ಮಾರುವವರೇ ಸರಿಮಾಡಿಸಿ ಕೊಡಲಿ. ನಿಮ್ಮ ಹೆಸರಿಗೆ ಬಂದ ಮೇಲೆ ಆ ಅಲೆದಾಟ ನಿಮ್ಮದಾಗುತ್ತದೆ. ಇಸಿಯನ್ನು, ಅಂದರೆ ಋಣಭಾರ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ನೀವೇ ತೆಗೆಯಬಹುದು, 2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಫ್ಲ್ಯಾಟ್ ಸಂಖ್ಯೆಗೆ ಮಾತ್ರ ತೆಗೆದರೆ ಸಾಲದು, ಕಟ್ಟಡ ಏಳುವ ಮುಂಚಿನ ನಿವೇಶನದ ಇಸಿಯೂ ಸೇರಿ 30 ವರ್ಷದ್ದು ಬೇಕು. ಮಾರುವವರ ಮೇಲೆ ಸಾಲ ಇದ್ದರೆ ಮೂಲಪತ್ರಗಳು ಅವರ ಬ್ಯಾಂಕಿನಲ್ಲಿರುತ್ತವೆ. ಬಾಕಿ ಎಷ್ಟು, ಯಾವ ಯಾವ ಮೂಲಪತ್ರ ತಮ್ಮಲ್ಲಿವೆ ಎಂದು ಆ ಬ್ಯಾಂಕು ಬರೆದುಕೊಡುತ್ತದೆ. ಆ ಬಾಕಿಯ ಡಿಡಿ ನಿಮ್ಮ ಬ್ಯಾಂಕಿನಿಂದ ನೇರವಾಗಿ ಅವರ ಬ್ಯಾಂಕಿಗೆ ಹೋಗಲಿ, ಮಾರುವವರ ಕೈಗಲ್ಲ.

ಕಟ್ಟಡದ ಆರೋಗ್ಯ ನೋಡಲು ಮಳೆ ಬಂದ ಮರುದಿನ ಹೋಗಿ. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ಬಿಸಿಲೂ ಮುಂಗಾರಿನ ಇರಿಚಲೂ ಬೀಳುತ್ತವೆ, ಒದ್ದೆ ಮೊದಲು ಕಾಣುವುದು ಅಲ್ಲೇ. ಬಚ್ಚಲಿಗೆ ತಾಗಿದ ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಒಂದಡಿ ಎತ್ತರದವರೆಗೆ, ಬಣ್ಣ ಉಬ್ಬಿದೆಯೇ, ಬಿಳಿ ಉಪ್ಪು ಮೂಡಿದೆಯೇ ನೋಡಿ. ಹೊಸದಾಗಿ ಬಣ್ಣ ಹೊಡೆಸಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ: ಗಟ್ಟಿ ಗೋಡೆ ಮಂದವಾಗಿ ಸದ್ದು ಮಾಡುತ್ತದೆ, ಗಾರೆ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ. ಎರಡನೇ ಮಹಡಿಯವರ ಬಾಗಿಲು ತಟ್ಟಿ ಅವರ ಬಚ್ಚಲಿನ ಸೂರು ತೋರಿಸಲು ವಿನಂತಿಸಿ. ಅಲ್ಲಿ ಕಲೆ ಇದ್ದರೆ ಸೋರುತ್ತಿರುವುದು ನಿಮ್ಮ ಬಚ್ಚಲು, ಟೈಲ್ಸ್ ಕಿತ್ತು ವಾಟರ್‌ಪ್ರೂಫ್ ಮಾಡಿಸುವ ಖರ್ಚು ನಿಮ್ಮದು, ಅದನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಪ್ಲಾಸ್ಟರಿನ ಕೂದಲೆಳೆ ಬಿರುಕಿಗೆ ಹೆದರಬೇಡಿ. ಕಂಬದಲ್ಲಿ ಉದ್ದುದ್ದ ಸೀಳು, ಬಾಲ್ಕನಿಯ ಅಡಿಯಲ್ಲಿ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಕಂಡರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸದೆ ಮುಂದುವರಿಯಬೇಡಿ. ಕಟ್ಟಡ ಮೋರಿಗಿಂತ ತಗ್ಗಿನಲ್ಲಿದೆಯೇ ಎಂಬುದೂ ಮುಖ್ಯ. ವೃಷಭಾವತಿ ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ, ಅದಕ್ಕೆ ಸೇರುವ ಕಾಲುವೆಗಳು ಸುತ್ತಲೂ ಇವೆ. 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ ರಾಜಕಾಲುವೆಯ ನಡುವಿನಿಂದ 50, 25, 15 ಮೀಟರ್ ಜಾಗ ಬಿಡಬೇಕು, ಕಾಲುವೆ ಪ್ರಥಮವೋ, ದ್ವಿತೀಯವೋ, ತೃತೀಯವೋ ಎಂಬುದರ ಮೇಲೆ. ನೆಲಮಾಳಿಗೆಯ ಅಥವಾ ಸ್ಟಿಲ್ಟ್ ಪಾರ್ಕಿಂಗಿನ ಗೋಡೆಯಲ್ಲಿ ಕೆಸರು ನೀರು ನಿಂತ ಗೆರೆ ಇದೆಯೇ ನೋಡಿ, ಕಾವಲುಗಾರರನ್ನೂ ಕೇಳಿ.

ಸಂಘದಿಂದ ಮೂರು ಕಾಗದ ಬೇಕು: ಮೂರು ವರ್ಷದ ಲೆಕ್ಕಪತ್ರ, ವಾರ್ಷಿಕ ಸಭೆಯ ನಡಾವಳಿ, ಈ ಮನೆಯಿಂದ ಬಾಕಿ ಇಲ್ಲ ಎಂಬ ಪತ್ರ. ಕಳೆದ ಮಾರ್ಚ್, ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ಲು ಎಷ್ಟಾಯಿತು ಎಂಬುದು ಆ ಲೆಕ್ಕದಲ್ಲಿ ತಾನಾಗಿ ಗೊತ್ತಾಗುತ್ತದೆ. 11 ವರ್ಷದ ಲಿಫ್ಟಿಗೆ ದೊಡ್ಡ ರಿಪೇರಿ ಬರುವ ಕಾಲ, ಹೊರಗೋಡೆಗೂ ಬಣ್ಣ ಬೇಕಾಗುತ್ತದೆ. ದೊಡ್ಡ ಖರ್ಚಿಗೆಂದು ಸಂಘ ಕೂಡಿಟ್ಟ ಕಾರ್ಪಸ್ ನಿಧಿ ಬರಿದಾಗಿದ್ದರೆ ನೀವು ಮನೆಹೊಕ್ಕ ವರ್ಷವೇ ಒಂದು ಲಕ್ಷ ಕೊಡಿ ಎಂದು ಕೇಳಬಹುದು. ಕಾರು ನಿಲ್ಲಿಸುವ ಜಾಗದ ಸಂಖ್ಯೆ ಕ್ರಯಪತ್ರದಲ್ಲೇ ಇರಲಿ, ಬಾಯಿಮಾತು ನಿಲ್ಲುವುದಿಲ್ಲ.

ಮಕ್ಕಳಿಗಾಗಿ ನೋಡಬೇಕಾದದ್ದು ಬಾಲ್ಕನಿ. ಕಂಬಿಗಳು ಅಡ್ಡಡ್ಡ ಇದ್ದರೆ ಒಂದೂವರೆ ವರ್ಷದವನಿಗೆ ಅದು ಏಣಿ. ನೆಟ್ಟಗಿರಬೇಕು, ನಡುವೆ 4 ಇಂಚಿಗಿಂತ ಹೆಚ್ಚು ಸಂದು ಇರಬಾರದು, ಎತ್ತರ 4 ಅಡಿ ಇದ್ದರೆ ಒಳ್ಳೆಯದು. ಪೂರ್ತಿ ಗ್ರಿಲ್ ಹಾಕಿಸಲು ಸಂಘ ಒಪ್ಪುತ್ತದೆಯೇ ಎಂದು ಕೊಳ್ಳುವ ಮುಂಚೆ ಕೇಳಿ. ಹೊರನೋಟ ಕೆಡುತ್ತದೆಂದು ಬೇಡ ಎನ್ನುವ ಸಂಘಗಳಿವೆ. ಒಪ್ಪಿದರೆ ಗ್ರಿಲ್ಲಿನ ಒಂದು ಭಾಗಕ್ಕೆ ಬೀಗದ ಬಾಗಿಲು ಮಾಡಿಸಿ, ಬೆಂಕಿ ಬಿದ್ದಾಗ ಹೊರಬರಲು ದಾರಿ ಬೇಕು.

ದಿನದ ಓಡಾಟದಲ್ಲಿ ಇಬ್ಬರಲ್ಲಿ ಒಬ್ಬರಿಗೆ ದೂರ ಆಗುವುದು ತಪ್ಪದು. ಮಕ್ಕಳನ್ನು ಶಿಶುವಿಹಾರದಿಂದ ಕರೆತರುವವರು ಯಾರೋ ಅವರಿಗೆ ಹತ್ತಿರವಾಗಲಿ. ಆರ್.ಆರ್. ನಗರ ನಿಲ್ದಾಣದಿಂದ ಎಂ.ಜಿ. ರಸ್ತೆಗೆ ನೇರಳೆ ಮಾರ್ಗದಲ್ಲಿ ಒಂದೇ ರೈಲು, ಮಳೆ ಬಂದರೂ ಸಮಯ ಹೆಚ್ಚುಕಡಿಮೆ ಅಷ್ಟೇ. ಅಂದ್ರಹಳ್ಳಿಯಿಂದಾದರೆ ಹಸಿರು ಮಾರ್ಗದ ನಿಲ್ದಾಣಕ್ಕೆ ಬಸ್ಸು ಇಲ್ಲವೇ ಸ್ಕೂಟರು, ಆಮೇಲೆ ಮೆಜೆಸ್ಟಿಕ್‌ನಲ್ಲಿ ಬದಲಾವಣೆ. ನಿಮ್ಮವರು ಸುಮನಹಳ್ಳಿ ದಾಟಿ ಪೀಣ್ಯಕ್ಕೆ ಹೋಗಬೇಕಾದದ್ದು ನಿಜವಾದ ಕಷ್ಟ. ಕೊಳ್ಳುವ ಮುಂಚೆ ಒಂದು ಕೆಲಸದ ದಿನ ಅವರ ಪಾಳಿಯ ಹೊತ್ತಿಗೇ ಆ ದಾರಿಯಲ್ಲಿ ಗಾಡಿ ಓಡಿಸಿ ನೋಡಲಿ. ಮಗಳ ಒಂದನೇ ತರಗತಿಯ ದಾಖಲಾತಿ ಹೆಚ್ಚಿನ ಶಾಲೆಗಳಲ್ಲಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ನೋಂದಣಿ ಫೆಬ್ರುವರಿಗೆ ಹೋಗುವಂತಿದ್ದರೂ ಶಾಲೆಯ ಅರ್ಜಿಯನ್ನು ಮೊದಲೇ ಹಾಕಿ.

ಹಣದ ಹೊಂದಿಕೆ ಹೀಗೆ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಬೆಲೆಯ ಶೇ 80ರವರೆಗೆ ಕೊಡಬಹುದು, ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 86 ಲಕ್ಷಕ್ಕೆ 6.54 ಲಕ್ಷ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. 66 ಲಕ್ಷ ಸಾಲ ಮಾಡಿದರೆ ಕೈಯಿಂದ 20 ಲಕ್ಷ, ನೋಂದಣಿಗೆ ಆರೂವರೆ, ವಕೀಲರು, ಬ್ಯಾಂಕು, ಸಂಘಕ್ಕೆ ಒಂದು, ಗ್ರಿಲ್ಲು, ಬಣ್ಣ, ಬಚ್ಚಲಿಗೆ ಮೂರು. ಉಳಿಯುವುದು ಐದೂವರೆ ಲಕ್ಷ. ಕಂತು 57 ಸಾವಿರ, ಮನೆಖರ್ಚು 45 ಸಾವಿರ ಎಂದರೆ ಇಬ್ಬರ ಕೆಲಸ ಹೋದರೂ ಐದು ತಿಂಗಳು ತಳ್ಳಬಹುದು. ಕಂತು ಇಳಿಸುವ ಆಸೆಗೆ ಈ ಐದು ಲಕ್ಷವನ್ನೂ ಮನೆಗೆ ಸುರಿಯಬೇಡಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಇಲ್ಲ, ಬೋನಸ್ ಬಂದಾಗ ಅಸಲಿಗೆ ಕಟ್ಟಿ.

50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯಾದ್ದರಿಂದ ಶೇ 1 ಟಿಡಿಎಸ್, ಅಂದರೆ 86,000 ರೂಪಾಯಿ ಹಿಡಿದು ಮಾರುವವರ ಪ್ಯಾನ್ ಹೆಸರಿಗೆ ನೀವೇ ಕಟ್ಟಬೇಕು. ಮರೆತರೆ ಬಡ್ಡಿ, ದಂಡ ನಿಮಗೇ. "ಪತ್ರದಲ್ಲಿ 70 ತೋರಿಸೋಣ, ಉಳಿದದ್ದು ಕ್ಯಾಷ್" ಎಂದರೆ ಒಪ್ಪಬೇಡಿ, ಸಾಲವೂ ಇಳಿಯುತ್ತದೆ, ಕೊಟ್ಟ ಹಣಕ್ಕೆ ಸಾಕ್ಷಿಯೂ ಇರುವುದಿಲ್ಲ. ಕರಾರುಪತ್ರದಲ್ಲಿ ಈ ಅರ್ಥದ ಒಂದು ಸಾಲು ಬರೆಸಿ: ಬ್ಯಾಂಕಿನ ಕಾನೂನು ಅಥವಾ ತಾಂತ್ರಿಕ ವರದಿ ಪ್ರತಿಕೂಲವಾಗಿ ಬಂದರೆ ಅಡ್ವಾನ್ಸ್ ಪೂರ್ತಿ 15 ದಿನದಲ್ಲಿ ವಾಪಸು. ಇದಕ್ಕೆ ತಕರಾರು ಮಾಡುವವರ ಮನೆ ಬೇಡ.

ಪ್ರಶ್ನೆ: ಬಸವೇಶ್ವರ ನಗರದಲ್ಲಿ ಮೂವತ್ತು ವರ್ಷ ಹಳೆಯ ಸ್ವತಂತ್ರ ಮನೆ ಕೊಂಡಿದ್ದೇವೆ. ಎರಡು ವರ್ಷದ ಮಗುವಿದೆ. ರಿಪೇರಿಗೆ ಮೂರು ಲಕ್ಷ ಇಟ್ಟಿದ್ದೇವೆ. ಮಾಡ್ಯುಲರ್ ಕಿಚನ್ ಮಾಡಿಸಬೇಕೆಂದಿದ್ದೇವೆ. ಮೊದಲು ಏನು ಮಾಡಿಸಲಿ?
ಓದುಗರೊಬ್ಬರು, ವಿಜಯನಗರ

ಉತ್ತರ: ಕಿಚನ್ ಒಂದು ವರ್ಷ ಕಾಯಲಿ. ಮೊದಲು ಸಂಪಿನ ಮುಚ್ಚಳ. ಹಳೆಯ ಮನೆಗಳಲ್ಲಿ ಗೇಟಿನ ಒಳಗೇ, ಮಗು ಆಡುವ ಜಾಗದಲ್ಲೇ ಸಂಪು ಇರುತ್ತದೆ. ಎರಡಡಿ ಚೌಕದ ಬಾಯಿಗೆ ಅಂಚು ತುಕ್ಕು ಹಿಡಿದ ತೆಳು ತಗಡಿನ ಮುಚ್ಚಳ. ಟ್ಯಾಂಕರಿನವರು ಅದನ್ನು ಎತ್ತಿ ಪಕ್ಕಕ್ಕಿಟ್ಟು, ಪೈಪ್ ಇಳಿಬಿಟ್ಟು ಗಾಡಿಯ ಹತ್ತಿರ ಹೋಗುತ್ತಾರೆ. ಆ ಹತ್ತು ಹದಿನೈದು ನಿಮಿಷವೇ ಅಪಾಯದ ಹೊತ್ತು. ಕಬ್ಬಿಣದ ಗಟ್ಟಿ ಮುಚ್ಚಳವನ್ನು ಕೀಲು ಹಾಕಿ ಕೂರಿಸಿ, ಬೀಗ ಹಾಕಿ. ಅದರ ಕೆಳಗೆ ಅರ್ಧ ಅಡಿ ಆಳದಲ್ಲಿ 10 ಅಥವಾ 12 ಮಿಲಿಮೀಟರ್ ಕಂಬಿಯ ಜಾಲರಿಯನ್ನೂ ಕೂರಿಸಿದರೆ ಮುಚ್ಚಳ ತೆರೆದಿದ್ದರೂ ಮಗು ಒಳಗೆ ಬೀಳದು. ಇನ್ನೂ ಒಳ್ಳೆಯದೆಂದರೆ ಕಾಂಪೌಂಡ್ ಗೋಡೆಯಿಂದ ಸಂಪಿಗೆ 3 ಇಂಚಿನ ಪೈಪ್ ಶಾಶ್ವತವಾಗಿ ಹಾಕಿಸಿಬಿಡುವುದು. ಟ್ಯಾಂಕರಿನ ಪೈಪ್ ಹೊರಗಿನಿಂದಲೇ ಜೋಡಿಸಬಹುದು, ಮುಚ್ಚಳ ತೆರೆಯುವ ಅಗತ್ಯವೇ ಬೀಳದು.

ಎರಡನೆಯದು ವಿದ್ಯುತ್. ಬೋರ್ಡಿನಲ್ಲಿ ಹಳೆಯ ಪಿಂಗಾಣಿ ಫ್ಯೂಸುಗಳಿದ್ದರೆ ತೆಗೆಸಿ ಎಂಸಿಬಿ ಹಾಕಿಸಿ, ಜತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯರನ್ನು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಕೂಡಲೇ ಟ್ರಿಪ್ ಆಗಬೇಕು. ಭೂಸಂಪರ್ಕ (ಅರ್ತಿಂಗ್) ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ಅಳೆಯಲಿ. ನೆಲದಿಂದ ಒಂದಡಿ ಎತ್ತರದಲ್ಲಿರುವ ಸಾಕೆಟ್ಟುಗಳಿಗೆ ಒಳಗೆ ಪರದೆ ಇರುವ ಬಗೆಯದನ್ನು ಕೂರಿಸಿ.

ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ನಿಲ್ಲಿಸಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ಸುತ್ತಿ ಬೀಳುವವರೆಗೆ ತಿಳಿಯುವುದಿಲ್ಲ. ಗೀಸರನ್ನು ಹೊರಗಿನ ಗಾಳಿಯಾಡುವ ಯುಟಿಲಿಟಿಗೆ ಸರಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ.

ಬಣ್ಣದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣ ನಿಮ್ಮ ಕಿಟಕಿ ಗ್ರಿಲ್ಲು, ಬಾಗಿಲುಗಳ ಮೇಲೆ ಪದರ ಪದರವಾಗಿದೆ. ಎರಡು ವರ್ಷದ ಮಗು ಕಿಟಕಿ ಹಿಡಿದು ನಿಂತಾಗ ಬಾಯಿ ಇಡುವುದೇ ಆ ಕಂಬಿಗೆ. ಬೆಳೆಯುವ ಮಿದುಳಿಗೆ ಸೀಸ ವಿಷ. ಒಣ ಉಪ್ಪುಕಾಗದ ಹಾಕಿ ಉಜ್ಜಿಸಬೇಡಿ, ಧೂಳು ಮನೆಯೆಲ್ಲ ಹರಡುತ್ತದೆ. ನೀರು ಹಾಕಿ ಒದ್ದೆ ಮಾಡಿ ಕೆರೆಸಿ, ಹೊಸ ಬಣ್ಣ ಹೊಡೆಸಿ, ನೆಲವನ್ನು ಎರಡು ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಇದೆಲ್ಲ ಹಾಲುಕ್ಕಿಸುವ ಮುಂಚೆ ಮುಗಿಯಲಿ, ಮಗು ಅಲ್ಲಿಯವರೆಗೆ ಅಜ್ಜಿಯ ಮನೆಯಲ್ಲಿರಲಿ.

ಇಷ್ಟಾಗಿ ಹಣ ಉಳಿದರೆ ತಾರಸಿಯ ವಾಟರ್‌ಪ್ರೂಫ್.

ಪ್ರಶ್ನೆ: "ಪ್ರೀ ಲಾಂಚ್ ರೇಟು, ಈ ವಾರ ಮಾತ್ರ" ಎಂದು ಎರಡು ಲಕ್ಷ ಕೇಳುತ್ತಿದ್ದಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಆಮೇಲೆ ಬರುತ್ತದಂತೆ. ಕೊಡಬಹುದೇ?
ಓದುಗರೊಬ್ಬರು, ಯಲಹಂಕ

ಉತ್ತರ: ಕೊಡಬೇಡಿ. 500 ಚದರ ಮೀಟರಿಗಿಂತ ದೊಡ್ಡ ನಿವೇಶನದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ರೇರಾ ನೋಂದಣಿ ಆಗುವ ಮುಂಚೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣ ತೆಗೆದುಕೊಳ್ಳುವಂತಿಲ್ಲ. ನೋಂದಣಿ ಆದ ಮೇಲೂ ಕರಾರುಪತ್ರ ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ನಂಬರ್ ಬಂದ ದಿನ ಕರ್ನಾಟಕ ರೇರಾ ಜಾಲತಾಣದಲ್ಲಿ ಅದನ್ನು ಹಾಕಿ ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ, ಯೋಜನೆಯ ಮೇಲಿರುವ ಸಾಲ, ಮೂರನ್ನೂ ನೋಡಿ. ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿ ಇದೆ, ಓಸಿ ಬಂದ ಮೇಲೆ ಕೊಂಡರೆ ಇಲ್ಲ. ಮನೆ ಕೈಗೆ ಬರುವವರೆಗೆ ಬಾಡಿಗೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಒಟ್ಟಿಗೆ ಕಟ್ಟಬೇಕು. ಇವೆರಡನ್ನೂ ಕೂಡಿಸಿದ ಮೇಲೆ "ಈ ವಾರ ಮಾತ್ರ"ದ ರಿಯಾಯಿತಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಒಂದು ಹಾಳೆಯ ಮೇಲೆ ಬರೆದು ನೋಡಿ.